ಮಕಾಂಟರ್ ವಾರ್‌ಬೀಸ್ಟ್ ಇಳಿಸುವುದು ಹೇಗೆ: ಡುಯೆಲಿಸ್ಟ್‌ನ ಭಾರಿ ಮೃಗಕ್ಕೊಂದು ಮಾರ್ಗದರ್ಶಿ

6 ಮಾನಾ (ಕಾರ್ಡ್ ಇಳಿಸಲು ತೆರುವ ಬೆಲೆ), 4 ಹೊಡೆತ, 4 ಜೀವ. ಬರೀ ಅಂಕಿ ನೋಡಿದರೆ ಡುಯೆಲಿಸ್ಟ್ ಅನ್ನುವ ಕಂಪ್ಯೂಟರ್ ಕಾರ್ಡ್ ಆಟದ ಮ್ಯಾಗ್ಮಾರ್ ಪಡೆಗೆ ಸೇರಿದ ಮಕಾಂಟರ್ ವಾರ್‌ಬೀಸ್ಟ್ ದುಬಾರಿ ಅನಿಸುತ್ತದೆ. 6 ಮಾನಾ ಕೊಟ್ಟು 4 ಜೀವದ ಕಾಯಿ ಯಾರಿಗೆ ಬೇಕು, ಅಲ್ವಾ? ಆದರೆ ಅಂಕಿಯ ಕೆಳಗೆ ಎರಡು ಪದ ಇವೆ: ರಷ್ ಮತ್ತು ಫ್ರೆಂಜಿ. ಈ ಕಾರ್ಡಿನ ಬೆಲೆ ಪೂರ್ತಿ ಇರುವುದು ಆ ಎರಡರಲ್ಲೇ.

ರಷ್ ಅಂದರೆ ಇಳಿದ ಸರದಿಯಲ್ಲೇ ನಡೆಯಬಹುದು, ಹೊಡೆಯಬಹುದು. ಬೇರೆ ಕಾಯಿಗಳು ಮುಂದಿನ ಸರದಿಯವರೆಗೆ ಕಾಯಬೇಕು. ಫ್ರೆಂಜಿ ಅಂದರೆ ಒಂದು ಹೊಡೆತಕ್ಕೆ ಸುತ್ತಲಿನ ಎಂಟು ಮನೆಗಳಲ್ಲಿರುವ ಶತ್ರುಗಳೆಲ್ಲರಿಗೂ ಏಟು. ಎರಡೂ ಒಂದೇ ಮೃಗದಲ್ಲಿ ಸೇರಿದಾಗ ಎದುರಾಳಿಗೆ ಮುನ್ಸೂಚನೆಯೇ ಸಿಗುವುದಿಲ್ಲ, ಕೈಯಲ್ಲಿದ್ದ ಕಾರ್ಡ್ ನೇರವಾಗಿ ಅವನ ಗುಂಪಿನ ನಡುವೆ ಬಂದು ನಿಲ್ಲುತ್ತದೆ.

ನಾನು ಇಲ್ಲಿ ಒತ್ತಿ ಹೇಳಬೇಕಾದ್ದು ಒಂದೇ. ವಾರ್‌ಬೀಸ್ಟ್‌ನ ಆಟ ಶುರುವಾಗುವುದು ಅದನ್ನು ಇಳಿಸಿದಾಗ ಅಲ್ಲ, ಅದಕ್ಕಿಂತ ಒಂದೆರಡು ಸರದಿ ಮೊದಲು. ನಿಮ್ಮ ಸಣ್ಣ ಕಾಯಿ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಮೃಗ ಎಲ್ಲಿಗೆ ತಲುಪುತ್ತದೆ ಅನ್ನುವುದು ತೀರ್ಮಾನವಾಗಿರುತ್ತದೆ. ಹಾಗಾಗಿ ಈ ಲೇಖನದ ಅರ್ಧ ಭಾಗ ಮೃಗದ ಬಗ್ಗೆ ಅಲ್ಲ, ಅದರ ಮುಂದೆ ಓಡಾಡುವ 2 ಮಾನಾದ ಚಿಕ್ಕ ಕಾಯಿಗಳ ಬಗ್ಗೆ.

ಹೊಸಬರಿಗೆ ಆಟದ ಪರಿಚಯ ಬೇಗ ಮುಗಿಸುತ್ತೇನೆ. ಡುಯೆಲಿಸ್ಟ್ ಹೊರಬಂದದ್ದು 2016ರಲ್ಲಿ, ಕೌಂಟರ್‌ಪ್ಲೇ ಗೇಮ್ಸ್ ಮಾಡಿದ ಆಟ. 2020ರ ಫೆಬ್ರವರಿಯಲ್ಲಿ ಸರ್ವರ್ ಮುಚ್ಚಿತು. 2023ರಲ್ಲಿ ಅದರ ಸೋರ್ಸ್ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟರು, ಹಾಗಾಗಿ ಆಟ ಮತ್ತೆ ಉಸಿರಾಡುತ್ತಿದೆ. ಇಲ್ಲಿ ಕೊಟ್ಟಿರುವ ಅಂಕಿಗಳೆಲ್ಲ ಮೂಲ ಆಟದವು. ನೀವು ಆಡುವ ಆವೃತ್ತಿಯಲ್ಲಿ ಕಾರ್ಡ್ ಮೇಲೆ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ. ಬೋರ್ಡ್‌ನಲ್ಲಿ ಅಡ್ಡಕ್ಕೆ 9 ಮನೆ, ಉದ್ದಕ್ಕೆ 5 ಮನೆ. ಇಬ್ಬರಿಗೂ ಒಬ್ಬೊಬ್ಬ ಜನರಲ್, ತಲಾ 25 ಜೀವ, 2 ಹೊಡೆತ. ಎದುರಾಳಿಯ ಜನರಲ್ ಸತ್ತರೆ ಗೆದ್ದಿರಿ.

ಮೊದಲ ಹೆಜ್ಜೆ: ತಲುಪುವ ದೂರ ಎಣಿಸಿ

ಕಾಯಿಯನ್ನು ಎಲ್ಲಿ ಬೇಕಾದರೂ ಇಳಿಸಲು ಆಗುವುದಿಲ್ಲ. ನಿಮ್ಮದೇ ಜನರಲ್ ಅಥವಾ ಕಾಯಿಯ ಪಕ್ಕದ ಮನೆಯಲ್ಲಿ ಇಳಿಸಬೇಕು, ಮೂಲೆಯ ಕಡೆ ಇದ್ದರೂ ಸರಿ. ಇಳಿದ ವಾರ್‌ಬೀಸ್ಟ್ 2 ಮನೆ ನಡೆಯುತ್ತದೆ. ನಡಿಗೆಯಲ್ಲಿ ಮೂಲೆಗೆ ಹೋಗಬೇಕಾದರೆ ಎರಡು ಹೆಜ್ಜೆಯೂ ಅದಕ್ಕೇ ಖರ್ಚು. ಆಮೇಲೆ ಪಕ್ಕದಲ್ಲಿರುವವರನ್ನು ಹೊಡೆಯುತ್ತದೆ. ಹೊಡೆತ ಮಾತ್ರ ಎಂಟೂ ದಿಕ್ಕಿಗೆ ತಾಗುತ್ತದೆ.

ಲೆಕ್ಕ ಹೀಗೆ: ಇಳಿಯಲು 1, ನಡೆಯಲು 2, ಹೊಡೆಯಲು 1. ನಿಮ್ಮ ಕಾಯಿ ನಿಂತಲ್ಲಿಂದ ನೇರಕ್ಕೆ 4 ಮನೆ. ಅದರ ಮೇಲೆ, ಆ ಕಾಯಿ ಇನ್ನೂ ಅಲುಗಾಡಿಲ್ಲದಿದ್ದರೆ ಅದನ್ನೇ ಮೊದಲು 2 ಮನೆ ಮುಂದಕ್ಕೆ ನಡೆಸಿ, ಅದರ ಪಕ್ಕ ಮೃಗ ಇಳಿಸಬಹುದು. ಆಗ 6 ಮನೆ. ಒಟ್ಟು 9 ಮನೆ ಅಗಲದ ಬೋರ್ಡ್‌ನಲ್ಲಿ 6 ಮನೆ ಅಂದರೆ, ನಡುವಿನವರೆಗೆ ಒಂದು ಕಾಯಿ ಜೀವಂತ ಉಳಿದಿದ್ದರೆ ಸಾಕು, ಎದುರಾಳಿಯ ಬೆನ್ನ ಹಿಂದಿನ ಗೋಡೆಯವರೆಗೂ ನಿಮ್ಮ ಕೈ ಚಾಚುತ್ತದೆ.

ಪ್ರತಿ ಸರದಿಯ ಕೊನೆಗೆ ಈ ಎಣಿಕೆ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಕೈಯಲ್ಲಿ ವಾರ್‌ಬೀಸ್ಟ್ ಇಲ್ಲದಿದ್ದರೂ ಎಣಿಸಿ. ನಾಳೆ ಬಂದಾಗ ಕಣ್ಣು ತಾನಾಗಿ ಆ ಮನೆಗಳನ್ನು ನೋಡುತ್ತದೆ.

ಎರಡನೇ ಹೆಜ್ಜೆ: ಮುಂದೆ ಒಂದು ಕಾಯಿ ಉಳಿಸಿಕೊಳ್ಳಿ

ತುಂಬ ಜನ ಮೊದಲ ಸರದಿಗಳ ಸಣ್ಣ ಕಾಯಿಗಳನ್ನು ಸಿಕ್ಕಿದ್ದಕ್ಕೆಲ್ಲ ಬಿಟ್ಟು ಕಳೆದುಕೊಳ್ಳುತ್ತಾರೆ. ಎದುರಾಳಿಯ ಕಾಯಿ ಕಂಡಿತು, ಹೊಡೆದರು, ಎರಡೂ ಸತ್ತವು, ಸರಿ. ಬೇರೆ ಡೆಕ್‌ನಲ್ಲಿ (ಆಟಕ್ಕೆ ಆರಿಸಿಕೊಂಡ ಕಾರ್ಡ್‌ಗಳ ಕಟ್ಟು) ಅದು ಒಳ್ಳೆಯ ವ್ಯಾಪಾರವೇ ಇರಬಹುದು. ನಿಮ್ಮ ಕೈಯಲ್ಲಿ ವಾರ್‌ಬೀಸ್ಟ್ ಇದ್ದಾಗ ಅಲ್ಲ. 5 ಮಾನಾ ಹಂತಕ್ಕೆ ಬರುವಾಗ ಬೋರ್ಡ್‌ನಲ್ಲಿ ಮುಂದೆ ನಿಮ್ಮದೊಂದು ಕಾಯಿ ಇರಲೇಬೇಕು. ಅದು ಬಲವಾದದ್ದೇ ಆಗಬೇಕಿಲ್ಲ. ಹಾಗೆ ನೋಡಿದರೆ ಬಲವಿಲ್ಲದಿದ್ದರೇ ಒಳ್ಳೆಯದು, ಅದನ್ನು ಕೊಲ್ಲಲು ಎದುರಾಳಿ ಒಂದು ಕಾರ್ಡ್ ಖರ್ಚು ಮಾಡಲು ಹಿಂದೆ ಮುಂದೆ ನೋಡುತ್ತಾನೆ.

ಒಂದನ್ನು ನಡುವಿನ ಅಡ್ಡಸಾಲಿನಲ್ಲೂ ಇನ್ನೊಂದನ್ನು ಮೇಲಿನ ಅಥವಾ ಕೆಳಗಿನ ಅಂಚಿನಲ್ಲೂ ಇಟ್ಟರೆ ಇನ್ನೂ ಒಳ್ಳೆಯದು. ಒಂದನ್ನು ಕೊಂದರೂ ಇನ್ನೊಂದರ ಪಕ್ಕ ಇಳಿಸಬಹುದು. ಬೋರ್ಡ್ ಉದ್ದಕ್ಕೆ ಬರೀ 5 ಮನೆ, ಹಾಗಾಗಿ ಅಂಚಿನಿಂದಲೂ ನಡುವಿಗೆ ಬರುವುದು ಕಷ್ಟವಲ್ಲ.

ಬೋರ್ಡ್‌ನ ನಡುಭಾಗದಲ್ಲಿ ಮೂರು ಮಾನಾ ಚಿಲುಮೆಗಳಿವೆ. ಅದರ ಮೇಲೆ ಕಾಲಿಟ್ಟವನಿಗೆ ಆ ಸರದಿಗೆ 1 ಮಾನಾ ಜಾಸ್ತಿ. ಒಂದನ್ನಾದರೂ ತೆಗೆದುಕೊಳ್ಳದೆ ಬಿಟ್ಟಿಡಲು ಪ್ರಯತ್ನಿಸಿ. 5 ಮಾನಾ ಇರುವ ಸರದಿಯಲ್ಲಿ ಸಣ್ಣ ಕಾಯಿ ಚಿಲುಮೆಯ ಮೇಲೆ ಕಾಲಿಟ್ಟಿತು ಅಂದುಕೊಳ್ಳಿ. ಮಾನಾ 6 ಆಯಿತು, ಕಾಯಿ ನಡುವಿಗೂ ಬಂತು, ಅದರ ಪಕ್ಕದಲ್ಲೇ ಮೃಗ ಇಳಿಯಿತು. ಒಂದೇ ನಡೆಗೆ ಎರಡು ಕೆಲಸ. ಎದುರಾಳಿ ಮುಂದಿನ ಸರದಿಗೆ ಅಂತ ಕಾಯುತ್ತಿದ್ದ ಏಟು ಒಂದು ಸರದಿ ಮೊದಲೇ ಬೀಳುತ್ತದೆ.

ಮೂರನೇ ಹೆಜ್ಜೆ: ಇಳಿಯುವ ಮನೆ ಅಲ್ಲ, ನಿಲ್ಲುವ ಮನೆ ಮೊದಲು ಹುಡುಕಿ

ಇದೇ ಇಡೀ ವಿಷಯದ ಹೃದಯ, ಸ್ವಲ್ಪ ನಿಧಾನವಾಗಿ ನೋಡೋಣ. ಮನೆಗಳಿಗೆ ಹೆಸರು ಹೀಗಿಡೋಣ: ಮೊದಲ ಅಂಕಿ ಎಡದಿಂದ ಬಲಕ್ಕೆ, ಎರಡನೆಯದು ಮೇಲಿಂದ ಕೆಳಕ್ಕೆ. ನೀವು ಎಡಗಡೆ. ಎದುರಾಳಿಯ ಜನರಲ್ ಅಬಿಸಿಯನ್ ಪಡೆಯ ಲಿಲಿತ್. ಅವಳ ವಿಶೇಷ ಮಂತ್ರ ತನ್ನ ಪಕ್ಕ ಎರಡು ಮರಿ ಕಾಯಿಗಳನ್ನು ಎಬ್ಬಿಸುತ್ತದೆ, ಪ್ರತಿಯೊಂದಕ್ಕೂ 1 ಹೊಡೆತ, 1 ಜೀವ. ಗುಂಪು ಕಟ್ಟಿಕೊಂಡು ಆಡುವ ಇಂಥ ಪಡೆಯ ಮುಂದೆಯೇ ವಾರ್‌ಬೀಸ್ಟ್ ಅತಿ ಹೆಚ್ಚು ಕೆಲಸ ಮಾಡುವುದು.

ಲಿಲಿತ್ 8-3ರಲ್ಲಿದ್ದಾಳೆ. 8-2ರಲ್ಲಿ 2 ಹೊಡೆತ, 3 ಜೀವದ ಕಾಯಿ. 7-4ರಲ್ಲಿ ಒಂದು ಮರಿ. ನಿಮ್ಮ ಸಣ್ಣ ಕಾಯಿ 4-3ರಲ್ಲಿ. ಮೂವರಿಗೂ ಒಟ್ಟಿಗೆ ತಾಗುವ ಮನೆ ಯಾವುದು? ಹುಡುಕಿ ನೋಡಿದರೆ ಒಂದೇ ಒಂದು: 7-3. ಈಗ ಹಿಂದಕ್ಕೆ ಎಣಿಸಿ. 7-3ಕ್ಕೆ ಎರಡು ಹೆಜ್ಜೆಯಲ್ಲಿ ಬರಬೇಕು, ನಿಮ್ಮ ಕಾಯಿಯ ಪಕ್ಕದಲ್ಲೂ ಇರಬೇಕು. ಅದು 5-3. ಅಲ್ಲಿ ಇಳಿಸಿ, 6-3 ದಾಟಿ 7-3ಕ್ಕೆ ನಡೆಸಿ, ಹೊಡೆಯಿರಿ. ಮೂವರಿಗೂ ತಲಾ 4. ಎರಡು ಕಾಯಿ ಸತ್ತವು, ಲಿಲಿತ್ 25ರಿಂದ 21ಕ್ಕೆ ಇಳಿದಳು.

ಆದರೆ 6-3ರಲ್ಲಿ ಇನ್ನೊಂದು ಮರಿ ನಿಂತಿದ್ದರೆ? ನಿಮ್ಮ ಕಾಯಿಗಳನ್ನು ದಾಟಿ ಹೋಗಬಹುದು, ಶತ್ರುವಿನ ಕಾಯಿಯನ್ನು ದಾಟುವಂತಿಲ್ಲ. 1 ಜೀವದ ಒಂದು ಮರಿ ನಿಮ್ಮ 6 ಮಾನಾದ ಮೃಗದ ದಾರಿ ಮುಚ್ಚಿಬಿಡುತ್ತದೆ. ಇಲ್ಲಿ ಸಣ್ಣ ಕಾಯಿ ಮತ್ತೆ ಕೆಲಸಕ್ಕೆ ಬರುತ್ತದೆ. ಅದನ್ನು 4-3ರಿಂದ 5-2ಕ್ಕೆ ನಡೆಸಿ, ಎರಡು ಹೆಜ್ಜೆ ಆಯಿತು. ಅಲ್ಲಿಂದ ಮೂಲೆಯಲ್ಲಿರುವ 6-3ರ ಮರಿಯನ್ನು ಹೊಡೆಯಿರಿ. ಮರಿ ಸತ್ತಿತು, ದಾರಿ ತೆರೆಯಿತು, ಅಷ್ಟೇ ಅಲ್ಲ, 6-3 ಈಗ ನಿಮ್ಮ ಕಾಯಿಯ ಪಕ್ಕದ ಖಾಲಿ ಮನೆ, ಮೃಗವನ್ನು ನೇರವಾಗಿ ಅಲ್ಲೇ ಇಳಿಸಬಹುದು. 7-3ಕ್ಕೆ ಇನ್ನು ಒಂದೇ ಹೆಜ್ಜೆ. ಒಂದು ಎಚ್ಚರ: ಮರಿ ಸಾಯುವಾಗಲೂ ತಿರುಗಿ 1 ಏಟು ಕೊಡುತ್ತದೆ. ನಿಮ್ಮ ಕಾಯಿಗೆ 1 ಜೀವ ಮಾತ್ರ ಉಳಿದಿದ್ದರೆ ಅದೂ ಹೋಯಿತು, ಪಕ್ಕದಲ್ಲಿ ಮೃಗ ಇಳಿಸಲು ಯಾರೂ ಇಲ್ಲ. ಹಾಗಾಗಿ ಮುಂದೆ ಕಳಿಸುವ ಕಾಯಿಗೆ ಕನಿಷ್ಠ 2 ಜೀವ ಇರಲಿ.

ಈ ಕ್ರಮ ಯಾವಾಗಲೂ ಹೀಗೇ ಇರಲಿ. ಮೊದಲು ನಿಲ್ಲುವ ಮನೆ, ಆಮೇಲೆ ಇಳಿಯುವ ಮನೆ, ಕೊನೆಗೆ ದಾರಿ. ಉಲ್ಟಾ ಯೋಚಿಸಿದರೆ ಮೃಗ ಇಳಿದ ಮೇಲೆ ಇಬ್ಬರಿಗೆ ಮಾತ್ರ ತಾಗುತ್ತದೆ ಅಂತ ಗೊತ್ತಾಗುತ್ತದೆ, ಆಗ ಮಾಡುವುದಕ್ಕೇನೂ ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ಯಾರ ಮೇಲೆ ಕ್ಲಿಕ್ ಮಾಡುತ್ತೀರಿ

ಏಟು ಎಲ್ಲರಿಗೂ ಬೀಳುತ್ತದೆ ನಿಜ, ಆದರೆ ಗುರಿಯಾಗಿ ಒಬ್ಬನನ್ನು ನೀವು ಆರಿಸಬೇಕು. ತಿರುಗಿ ಹೊಡೆಯುವುದು ಆ ಗುರಿ. ಹಾಗಾಗಿ ಸುತ್ತಲಿನವರಲ್ಲಿ ಯಾರ ಹೊಡೆತ ಕಡಿಮೆಯೋ ಅವನ ಮೇಲೆ ಕ್ಲಿಕ್ ಮಾಡಿ. ಮೇಲಿನ ಉದಾಹರಣೆಯಲ್ಲಿ ಸಿಟ್ಟಿನಿಂದ ಜನರಲ್ ಮೇಲೆ ಕ್ಲಿಕ್ ಮಾಡಿದರೆ 2 ಏಟು ತಿಂದು ಮೃಗಕ್ಕೆ 2 ಜೀವ ಉಳಿಯುತ್ತದೆ. ಮರಿಯ ಮೇಲೆ ಮಾಡಿದರೆ 3 ಉಳಿಯುತ್ತದೆ. ಜನರಲ್‌ಗೆ ಬೀಳುವ 4 ಹೇಗೂ ಬೀಳುತ್ತದೆ. ಒಂದು ಜೀವ ಅಂದರೆ ಚಿಕ್ಕ ವಿಷಯ ಅನಿಸಬಹುದು. ಆದರೆ ಎದುರಾಳಿಯ ಜನರಲ್‌ನ ಹೊಡೆತ 2. 2 ಜೀವದ ಮೃಗವನ್ನು ಜನರಲ್ ಒಬ್ಬನೇ ಮುಗಿಸುತ್ತಾನೆ, ಕಾರ್ಡ್ ಖರ್ಚಿಲ್ಲದೆ. 3 ಜೀವದ್ದಕ್ಕೆ ಇನ್ನೊಂದು ಕಾಯಿಯೋ ಮಂತ್ರವೋ ಬೇಕು. ಆಟ ಎಷ್ಟೋ ಸಲ ಈ ಒಂದು ಅಂಕಿಯ ಮೇಲೆ ತಿರುಗುತ್ತದೆ.

ಬೇಗ ಇಳಿಸುವ ಆಸೆ ಮತ್ತು ಅದರ ಬೆಲೆ

ಮ್ಯಾಗ್ಮಾರ್‌ನಲ್ಲಿ ಫ್ಲ್ಯಾಶ್ ರೀಇನ್‌ಕಾರ್ನೇಷನ್ ಅಂತ ಒಂದು ಮಂತ್ರವಿದೆ. ಆ ಸರದಿಯ ಮುಂದಿನ ಕಾಯಿಗೆ 2 ಮಾನಾ ಕಡಿಮೆ, ಆದರೆ ಇಳಿಯುವಾಗಲೇ ಅದಕ್ಕೆ 2 ಏಟು. ಅಂದರೆ ವಾರ್‌ಬೀಸ್ಟ್ 4 ಮಾನಾಕ್ಕೆ ಬರುತ್ತದೆ, 4 ಹೊಡೆತ, 2 ಜೀವದೊಂದಿಗೆ.

ಇದನ್ನು ಬಳಸುವುದಾದರೆ ಮೃಗ ಉಳಿಯುತ್ತದೆ ಅನ್ನುವ ನಿರೀಕ್ಷೆ ಬಿಟ್ಟು ಬಳಸಿ. ಜನರಲ್ ಮೇಲೆ ಗುರಿ ಇಟ್ಟರೆ ತಿರುಗಿ ಬರುವ 2 ಏಟಿಗೆ ಅಲ್ಲೇ ಸಾಯುತ್ತದೆ. 1 ಹೊಡೆತದ ಕಾಯಿ ಸುತ್ತ ಇದ್ದರೆ ಮಾತ್ರ ಬದುಕುತ್ತದೆ. ಎರಡು ಕಾರ್ಡ್ ಕೊಟ್ಟು ಒಂದು ಏಟು ಕೊಂಡುಕೊಳ್ಳುತ್ತಿದ್ದೀರಿ, ಹಾಗಾಗಿ ಆ ಏಟು ಕನಿಷ್ಠ ಎರಡು ಒಳ್ಳೆಯ ಕಾಯಿಗಳನ್ನು ತೆಗೆಯಬೇಕು. ಅಷ್ಟು ಸಿಗದಿದ್ದರೆ 6 ಮಾನಾದವರೆಗೆ ಕಾಯುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರು ಇನ್ನೂ ಧಾರಾಳವಾಗಿ ಬಳಸುತ್ತಾರೆ, ಅವರ ಡೆಕ್ ಬೇಗ ಮುಗಿಸುವ ಡೆಕ್ ಆಗಿದ್ದರೆ ಅದೂ ಸರಿಯೇ.

ತಡವಾಗಿ ಇಳಿಸುವುದರಲ್ಲೂ ಲಾಭವಿದೆ. 7 ಮಾನಾ ಇದ್ದರೆ 1 ಮಾನಾದ ಗ್ರೇಟರ್ ಫಾರ್ಟಿಟ್ಯೂಡ್ ಸೇರಿಸಿ, ಹೊಡೆತವೂ ಜೀವವೂ 2 ಏರುತ್ತವೆ. ಹೊಡೆಯುವ ಮೊದಲು ಹಾಕಿ! ಸುತ್ತಲಿನ ಎಲ್ಲರಿಗೂ ತಲಾ 6. ಮೂವರಿದ್ದರೆ 18 ಏಟು. 8 ಮಾನಾ ಇದ್ದರೆ 2 ಮಾನಾದ ಪ್ರೈಮಾರ್ಡಿಯಲ್ ಗೇಜರ್ ಅನ್ನು ಮೃಗದ ಪಕ್ಕ ಇಳಿಸಿ ಎರಡೂ ಅಂಕಿ 1 ಏರಿಸಬಹುದು, ಜೊತೆಗೆ ಬೋರ್ಡ್‌ನಲ್ಲಿ ಒಂದು ಕಾಯಿಯೂ ಉಳಿಯುತ್ತದೆ.

ಯಾವಾಗ ಇಳಿಸಬಾರದು

ಪ್ರವೋಕ್ ಇರುವ ಕಾಯಿ ಕಂಡರೆ ನಿಂತು ಯೋಚಿಸಿ. ಅದರ ಪಕ್ಕ ಇರುವವರು ಅಲುಗಾಡುವಂತಿಲ್ಲ, ಹೊಡೆದರೆ ಅದನ್ನೇ ಹೊಡೆಯಬೇಕು. ಮೃಗ ಇಳಿಯುವ ಮನೆಯೇ ಪ್ರವೋಕ್ ಪಕ್ಕದ್ದಾದರೆ ರಷ್‌ನ ಅರ್ಧ ಅರ್ಥವೇ ಹೋಯಿತು, ಎರಡು ಹೆಜ್ಜೆ ನಡೆಯಲು ಆಗದು. ನಿಲ್ಲುವ ಮನೆ ಅದರ ಪಕ್ಕ ಇದ್ದರೆ ಅಷ್ಟು ತೊಂದರೆ ಇಲ್ಲ: ಗುರಿ ಪ್ರವೋಕ್ ಕಾಯಿಯೇ ಆಗಬೇಕು, ಆದರೆ ಫ್ರೆಂಜಿ ಮಿಕ್ಕವರಿಗೂ ತಾಗುತ್ತದೆ. ಲಯೋನಾರ್ ಪಡೆಯ ಐರನ್‌ಕ್ಲಿಫ್ ಗಾರ್ಡಿಯನ್ ನೋಡಿ, 3 ಹೊಡೆತ, 10 ಜೀವ, ಬೋರ್ಡ್‌ನಲ್ಲಿ ಎಲ್ಲಿ ಬೇಕಾದರೂ ಇಳಿಯುತ್ತದೆ. ಅದನ್ನು ಗುರಿ ಮಾಡಿದರೆ ನಿಮ್ಮ ಮೃಗಕ್ಕೆ 1 ಜೀವ ಉಳಿಯುತ್ತದೆ. ಪಕ್ಕದಲ್ಲಿ ಜನರಲ್ ಮತ್ತು ಇನ್ನೊಂದು ಕಾಯಿ ಸಿಗುತ್ತದೆ ಅಂದರೆ ಒಪ್ಪಬಹುದು. ಗಾರ್ಡಿಯನ್ ಒಂದೇ ಇದ್ದರೆ ಬೇಡ.

ಒಬ್ಬನೇ ಶತ್ರು ಸಿಗುವ ಹಾಗಿದ್ದರೂ ಬೇಡ. 6 ಮಾನಾ ಕೊಟ್ಟು ಒಂದು ಕಾಯಿ ತೆಗೆಯಲು ಬೇರೆ ಕಾರ್ಡ್‌ಗಳಿವೆ. ಇದಕ್ಕೆ ಒಂದೇ ಹೊರತು: ಎದುರಾಳಿಯ ಜನರಲ್‌ಗೆ 4 ಅಥವಾ ಅದಕ್ಕಿಂತ ಕಡಿಮೆ ಜೀವ ಉಳಿದಿದ್ದರೆ. ಆಗ ಬೇರೆ ಲೆಕ್ಕ ಏನೂ ಬೇಡ, ಇಳಿಸಿ ಹೊಡೆಯಿರಿ. ಡುಯೆಲಿಸ್ಟ್‌ನಲ್ಲಿ ರಷ್ ಇರುವ ಕಾಯಿ ಮೊದಲ ಸರದಿಯಲ್ಲೇ ಜನರಲ್‌ನನ್ನೂ ಹೊಡೆಯಬಹುದು. ಹಾರ್ತ್‌ಸ್ಟೋನ್ ಅನ್ನುವ ಇನ್ನೊಂದು ಕಾರ್ಡ್ ಆಟದಿಂದ ಬಂದವರು ಇದನ್ನು ಮರೆಯುತ್ತಾರೆ. ಅಲ್ಲಿ ರಷ್ ಇದ್ದರೆ ಇಳಿದ ಸರದಿಯಲ್ಲಿ ಮಿನಿಯನ್‌ಗಳನ್ನು (ಇಳಿಸಿದ ಕಾಯಿಗಳನ್ನು) ಮಾತ್ರ ಹೊಡೆಯಲು ಸಾಧ್ಯ, ನೇರವಾಗಿ ಹೀರೋಗೆ (ನಮ್ಮ ಜನರಲ್ ಇದ್ದ ಹಾಗೆ) ಹೊಡೆಯಬೇಕಾದರೆ ಚಾರ್ಜ್ ಇರಬೇಕು.

ಶುರುವಿನ ಕೈಯಲ್ಲಿ ವಾರ್‌ಬೀಸ್ಟ್ ಬಂದರೆ ಬದಲಿಸಿಬಿಡಿ. 6 ಮಾನಾದ ಕಾರ್ಡ್ ಮೊದಲ ಸರದಿಗಳಲ್ಲಿ ಸುಮ್ನೆ ಜಾಗ ತಿನ್ನುತ್ತದೆ, ಕೈಯಲ್ಲಿ ಹಿಡಿಯುವುದೇ 6 ಕಾರ್ಡ್. ಆಮೇಲೆ ಪ್ರತಿ ಸರದಿ ಒಂದು ಕಾರ್ಡ್ ಬದಲಿಸುವ ಅವಕಾಶ ಇದ್ದೇ ಇದೆ, 4 ಮಾನಾ ಆದಾಗಿನಿಂದ ಅದನ್ನು ಹುಡುಕಲು ಶುರು ಮಾಡಿ. ಒಂದು ಕಾರ್ಡಿನ 3 ಪ್ರತಿವರೆಗೆ ಡೆಕ್‌ಗೆ ಹಾಕಬಹುದು, ಮೂರನ್ನೂ ಹಾಕಿ.

ಹೊಡೆದ ಮೇಲೆ

ಮೃಗ ಬದುಕಿ ಉಳಿದಿದ್ದರೆ ಎದುರಾಳಿಯ ಮುಂದಿನ ಸರದಿ ಪೂರ್ತಿ ಅದರ ಮೇಲೇ ಹೋಗುತ್ತದೆ. ಹೋಗಲಿ. ಅವನು ಕೊಲ್ಲುವ ಮಂತ್ರ ಖರ್ಚು ಮಾಡಿದರೆ ನಿಮ್ಮ ಮುಂದಿನ ದೊಡ್ಡ ಕಾಯಿಗೆ ದಾರಿ ಸಲೀಸು. ಡಿಸ್ಪೆಲ್ ಮಾಡಿದರೆ, ಅಂದರೆ ಕಾಯಿಯ ವಿಶೇಷ ಶಕ್ತಿ ಅಳಿಸಿದರೆ, ಫ್ರೆಂಜಿ ಹೋಗುತ್ತದೆ, ಆದರೂ 4 ಹೊಡೆತದ ಕಾಯಿ ಅಲ್ಲೇ ನಿಂತಿರುತ್ತದೆ.

ನಿಮ್ಮ ಕೈಯಲ್ಲಿ ಪ್ಲಾಸ್ಮಾ ಸ್ಟಾರ್ಮ್ ಇದ್ದರೆ ಇನ್ನೂ ಚೆನ್ನ. 5 ಮಾನಾದ ಆ ಮಂತ್ರ 3 ಅಥವಾ ಅದಕ್ಕಿಂತ ಕಡಿಮೆ ಹೊಡೆತದ ಮಿನಿಯನ್‌ಗಳನ್ನೆಲ್ಲ ನಾಶ ಮಾಡುತ್ತದೆ, ಎರಡೂ ಕಡೆಯವನ್ನು. ವಾರ್‌ಬೀಸ್ಟ್‌ನ ಹೊಡೆತ 4, ಉಳಿಯುತ್ತದೆ. ಎದುರಾಳಿ ಮೃಗದ ಸುತ್ತ ಸಣ್ಣವರನ್ನು ಮತ್ತೆ ತುಂಬಿದರೆ ಮುಂದಿನ ಸರದಿ ಬಿರುಗಾಳಿ ಎಬ್ಬಿಸಿ ಎಲ್ಲರನ್ನೂ ತೆಗೆದು, ಖಾಲಿ ಬೋರ್ಡ್‌ನಲ್ಲಿ ಮೃಗದಿಂದ ಜನರಲ್‌ಗೆ ಹೊಡೆಯಿರಿ.

ಎದುರಾಳಿಯೂ ಮ್ಯಾಗ್ಮಾರ್ ಆಗಿದ್ದರೆ ಒಂದು ಮಾತು. ನ್ಯಾಚುರಲ್ ಸೆಲೆಕ್ಷನ್ ಅನ್ನುವ ಮಂತ್ರ ಬೋರ್ಡ್‌ನಲ್ಲಿ ಅತಿ ಕಡಿಮೆ ಹೊಡೆತ ಇರುವ ಮಿನಿಯನ್ ಅನ್ನು ಕೊಲ್ಲುತ್ತದೆ. ಬೋರ್ಡ್‌ನಲ್ಲಿ ವಾರ್‌ಬೀಸ್ಟ್ ಒಂದೇ ಇದ್ದರೆ ಅತಿ ಕಡಿಮೆ ಅದರದ್ದೇ! ಪಕ್ಕದಲ್ಲಿ 1 ಅಥವಾ 2 ಹೊಡೆತದ ಯಾವುದಾದರೂ ಕಾಯಿ ಉಳಿಸಿಕೊಂಡರೆ ಆ ಮಂತ್ರ ಮೃಗವನ್ನು ಮುಟ್ಟಲಾರದು. ಮುಂದೆ ಕಳಿಸಿದ ಸಣ್ಣ ಕಾಯಿಯನ್ನು ಸುಮ್ಮನೆ ಸಾಯಲು ಬಿಡಬೇಡಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ.

ಇಳಿಸದೆಯೂ ಹೆದರಿಸುವುದು

ಅನುಭವ ಇರುವ ಎದುರಾಳಿ ನೀವು ಮ್ಯಾಗ್ಮಾರ್ ಅಂತ ನೋಡಿದ ಕೂಡಲೇ 6 ಮಾನಾ ಯಾವಾಗ ಆಗುತ್ತದೆ ಅಂತ ಎಣಿಸಲು ಶುರು ಮಾಡುತ್ತಾನೆ. ಆ ಹೊತ್ತಿಗೆ ತನ್ನ ಕಾಯಿಗಳನ್ನು ಚದುರಿಸಿ ನಿಲ್ಲಿಸುತ್ತಾನೆ, ಜನರಲ್ ಪಕ್ಕದಲ್ಲಿ ಯಾರನ್ನೂ ಇಡುವುದಿಲ್ಲ. ನಿಮಗೆ ಮೂವರು ಒಟ್ಟಿಗೆ ಸಿಗುವುದೇ ಇಲ್ಲ. ಇದರಿಂದ ಬೇಸರ ಬೇಡ, ಇದೂ ನಿಮಗೆ ಲಾಭವೇ. ಚದುರಿದ ಕಾಯಿಗಳು ಒಂದಕ್ಕೊಂದು ಬೆಂಬಲ ಕೊಡಲಾರವು. ಲಯೋನಾರ್‌ನ ಝೀಲ್ ಥರದ ಶಕ್ತಿಗಳು ಜನರಲ್ ಪಕ್ಕದಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತವೆ, ದೂರ ನಿಂತರೆ ಅವೂ ಸುಮ್ಮನಾಗುತ್ತವೆ. ನಿಮ್ಮ ಜನರಲ್ ಒಂಟಿ ಕಾಯಿಯೊಂದನ್ನು ಆರಾಮವಾಗಿ ಮುಗಿಸಬಹುದು.

ಆಗ ಏನು ಮಾಡಬೇಕು ಅಂದರೆ, ಒತ್ತಡ ಬಿಡದೆ ಕಾಯಿಗಳನ್ನು ಅಂಚಿನ ಕಡೆಯಿಂದ ಮುಂದಕ್ಕೆ ನೂಕುತ್ತಾ ಹೋಗಿ. ಬೋರ್ಡ್ ದೊಡ್ಡದಲ್ಲ. ಹಿಂದೆ ಸರಿಯುತ್ತಾ ಹೋದ ಎದುರಾಳಿಗೆ ಚದುರಿ ನಿಲ್ಲಲು ಮನೆಗಳು ಕಡಿಮೆಯಾಗುತ್ತವೆ, 8ನೇ ಮತ್ತು 9ನೇ ಕಂಬಸಾಲಿಗೆ ಸಿಕ್ಕಿಕೊಂಡ ಮೇಲೆ ಅವನ ಜನರಲ್ ಪಕ್ಕ ಯಾರಾದರೂ ನಿಲ್ಲಲೇಬೇಕಾಗುತ್ತದೆ. ಪ್ರತಿ ಸರದಿ ಆರಂಭದಲ್ಲಿ ಅವನ ಜನರಲ್ ಸುತ್ತಲಿನ ಮನೆಗಳನ್ನು ನೋಡಿ. ಇಬ್ಬರು ಜೊತೆಯಾದ ಸರದಿಯಲ್ಲೇ, ಇನ್ನೊಬ್ಬ ಬರಲಿ ಅಂತ ಕಾಯದೆ, ಮೃಗವನ್ನು ಇಳಿಸಿ.